ಕಡಲದಂಡೆಯಲ್ಲಿ ಒಬ್ಬನೇ: ಏಕಾಂತ ಔಷಧವಾಗುವುದು ಯಾವಾಗ?

"ಸಾಹೇಬ್ರ, ಎಲ್ಲೆರ ದೂರ ಒಬ್ಬಾಂವನ ಹೋಗಿ ಕುಂಡ್ರಬೇಕು ಅನಸಾಕತ್ತೈತ್ರಿ. ಯಾರ ಮಾತೂ ಕಿವಿಗೆ ಬೀಳಬಾರದು."

ಮೂರು ವರ್ಷಗಳ ಹಿಂದೆ ಚಿಕ್ಕೋಡಿಯ ನನ್ನ ದವಾಖಾನೆಯಲ್ಲಿ ಕುಳಿತು ಈ ಮಾತು ಹೇಳಿದವನು ರಾಯಬಾಗ ಕಡೆಯ ಒಬ್ಬ ರೈತ. ವಯಸ್ಸು ನಲವತ್ತರ ಒಳಗೆ. ಅದು ಅವನ ಮೂರನೆಯ ಭೇಟಿ. ಮೊದಲ ಸಲ ಎದೆ ಹೊಡೆದುಕೊಳ್ಳುತ್ತದೆ ಎಂದಿದ್ದ. ಇಸಿಜಿ ತೆಗೆಸಿದೆ, ಸರಿಯಿತ್ತು. ಎರಡನೆಯ ಸಲ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ ಎಂದಿದ್ದ. ರಕ್ತ ಪರೀಕ್ಷೆ ಮಾಡಿಸಿದೆ, ಅದೂ ಸರಿಯಿತ್ತು. ಮೂರನೆಯ ಸಲ ಈ ಮಾತು. ಹೊರಗೆ ಬಾಕಿನ ಮೇಲೆ ಇಪ್ಪತ್ತು ಜನ ಕಾಯುತ್ತಿದ್ದರು. ನಾನು ನಕ್ಕು, "ಹೋಗಿ ಬಾರಪಾ, ನಾಕ ದಿನ ಅಡ್ಡಾಡಿ ಬಾ, ಮನಸ ಹಗರ ಆಕ್ಕೈತಿ" ಎಂದು ಹೇಳಿ, ಬಿ ಕಾಂಪ್ಲೆಕ್ಸ್ ಮಾತ್ರೆ ಬರೆದುಕೊಟ್ಟು, ಮುಂದಿನವರನ್ನು ಕರೆದೆ.

ನಾಲ್ಕನೆಯ ದಿನ ಅವನ ಅಣ್ಣ ಅವನ ರಟ್ಟೆ ಹಿಡಿದುಕೊಂಡು ಬಂದರು. ಮನೆಯಲ್ಲಿ ಯಾರಿಗೂ ಹೇಳದೆ ಹೊರಟಿದ್ದನಂತೆ. ಸಂಜೆ ಕೃಷ್ಣಾ ನದಿಯ ದಂಡೆಯಲ್ಲಿ ಒಬ್ಬನೇ ಕುಳಿತಿದ್ದವನನ್ನು ಕುರಿ ಕಾಯುವ ಮುದುಕರೊಬ್ಬರು ಕಂಡು, ಎಲೆ ಅಡಿಕೆ ಕೇಳುವ ನೆವದಲ್ಲಿ ಮಾತಿಗೆಳೆದು, ಕತ್ತಲಾಗುವ ತನಕ ಅಲ್ಲಿಂದ ಕದಲದೆ, ಕಡೆಗೆ ಕುರಿಗಳ ಜೊತೆಯಲ್ಲಿಯೇ ಊರಿಗೆ ಕರೆತಂದಿದ್ದರು. ಅಂದು ಅವನು ಹೋದದ್ದು ತಿರುಗಿ ಬರುವುದಕ್ಕಲ್ಲ ಎಂಬುದು ಆಮೇಲೆ ಅವನ ಬಾಯಿಂದಲೇ ತಿಳಿಯಿತು.

ಇಪ್ಪತ್ತು ವರ್ಷ ವೈದ್ಯವೃತ್ತಿ ಮಾಡಿದ ನನಗೆ ಹೊಳೆಯದಿದ್ದದ್ದು ಆ ಅಜ್ಜನಿಗೆ ಹೊಳೆದಿತ್ತು. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಒಬ್ಬನೇ ಇರಬೇಕು ಎಂಬ ಆಸೆ ಆರೋಗ್ಯದ ಲಕ್ಷಣವೋ, ರೋಗದ ಲಕ್ಷಣವೋ? ಓದುಗರೇ, ಈ ವಾರ ಅದೇ ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇನೆ. ಉತ್ತರದ ಅರ್ಧ ಭಾಗ ನನಗೆ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಕುಮಟೆಯಿಂದ ಗೋಕರ್ಣದ ತನಕ ಕಡಲದಂಡೆಯಲ್ಲಿ ಒಬ್ಬನೇ ಎರಡು ದಿನ ನಡೆದಾಗ.

ವೈದ್ಯನಿಗೂ ಬಿ.ಪಿ.

ಆ ಘಟನೆಯ ನಂತರ ನನಗೂ ನಿದ್ದೆ ದೂರವಾಯಿತು. ರಾತ್ರಿ ಮೂರಕ್ಕೆ ಎಚ್ಚರ. ಅವನು ಕುಳಿತ ಕುರ್ಚಿ, ನಾನು ನಕ್ಕ ನಗು, ಇವೇ ಕಣ್ಣ ಮುಂದೆ. ಕಬ್ಬಿನ ಹಂಗಾಮು, ಗಾಡಿ ಉರುಳಿ ಗಾಯಗೊಂಡವರು, ಕಾರ್ಖಾನೆಯ ಪಾಳಿ ಮುಗಿಸಿ ಅಪರಾತ್ರಿ ಬಾಗಿಲು ತಟ್ಟುವವರು, ಯಾವುದೂ ನಿಲ್ಲುವುದಿಲ್ಲ. ಒಂದು ದಿನ ನನ್ನ ಕಾಂಪೌಂಡರ್ ಒತ್ತಾಯಕ್ಕೆ ಬಿ.ಪಿ. ನೋಡಿಕೊಂಡೆ: 158/98. ಇತರರಿಗೆ ದಿನವೂ ಹೇಳುವ ಬುದ್ಧಿವಾದವನ್ನು ನನಗೆ ನಾನೇ ಹೇಳಿಕೊಂಡು, ಬೆಳಗಾವಿಯ ಹಿರಿಯ ವೈದ್ಯರೊಬ್ಬರ ಮುಂದೆ ರೋಗಿಯಾಗಿ ಕುಳಿತೆ. ಅವರು ಮಾತ್ರೆ ಬರೆದರು, ಉಪ್ಪು ಕಡಿಮೆ ಮಾಡಿಸಿದರು, ನಿತ್ಯ ನಡೆಯಲು ಹೇಳಿದರು. ಎರಡು ತಿಂಗಳಲ್ಲಿ ಒತ್ತಡ ಹತೋಟಿಗೆ ಬಂತು. ನಿದ್ದೆ ಮಾತ್ರ ಬರಲಿಲ್ಲ. "ಒಂದೆರಡು ದಿನ ಈ ದವಾಖಾನೆ ಬಿಟ್ಟು ಹೊರಗೆ ಹೋಗಿ" ಎಂದರು.

ಕುಮಟೆಯ ದಾರಿ ನೆನಪಾಯಿತು. ಒಬ್ಬನೇ ಹೋಗುತ್ತೇನೆ ಎಂದಾಗ ನನ್ನ ಮನೆಯವರು ಬೇಡ ಎನ್ನಲಿಲ್ಲ. ಮೂರೇ ಮೂರು ಪ್ರಶ್ನೆ ಕೇಳಿದರು: "ಯಾವಾಗ ಬರ್ತೀರಿ? ರಾತ್ರಿ ಎಲ್ಲಿ ಇರ್ತೀರಿ? ಸಂಜಿಗೆ ಫೋನ್ ಮಾಡ್ತೀರೋ ಇಲ್ಲೋ?" ಮೂರಕ್ಕೂ ನನ್ನ ಬಳಿ ಉತ್ತರವಿತ್ತು. ಈ ಮೂರು ಪ್ರಶ್ನೆಗಳನ್ನು ನೆನಪಿನಲ್ಲಿಡಿ. ಮುಂದೆ ಮತ್ತೆ ಬರುತ್ತವೆ.

ನಮ್ಮ ಸೀಮೆಗೆ ನಡಿಗೆ ಹೊಸದಲ್ಲ

ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ ಭಾಗದವರಿಗೆ ಕಾಲ್ನಡಿಗೆಯ ಮಹಿಮೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು (1872–1955), ಸದಲಗಾದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು (1946–2024) ಬರಿಗಾಲಲ್ಲಿ ದೇಶ ಸುತ್ತಿದವರು. ಇಂದಿಗೂ ಜೈನ ಮುನಿಗಳ ವಿಹಾರ ನಮ್ಮ ಹಳ್ಳಿಗಳ ಮೇಲೆ ಹಾಯ್ದು ಹೋಗುತ್ತದೆ. ಪಂಢರಪುರದ ವಾರಿಗೆ ದಿಂಡಿ ಕಟ್ಟಿಕೊಂಡು ಹೋಗುವವರು, ಎಲ್ಲಮ್ಮನ ಗುಡ್ಡಕ್ಕೆ ನಡೆದೇ ಹೋಗುವವರು ಪ್ರತಿ ಊರಿನಲ್ಲಿಯೂ ಇದ್ದಾರೆ.

ಆದರೆ ಒಂದನ್ನು ಗಮನಿಸಿ. ಇವೆಲ್ಲ ಕೂಡಿ ನಡೆಯುವ ನಡಿಗೆಗಳು. ಮುನಿಗಳ ಹಿಂದೆ ಶ್ರಾವಕರಿರುತ್ತಾರೆ, ದಿಂಡಿಯಲ್ಲಿ ತಾಳ ಮೃದಂಗವಿರುತ್ತದೆ. ಒಬ್ಬನೇ ನಡೆಯುವವನನ್ನು ಕಂಡರೆ ನಮ್ಮವರು ಮೊದಲು ಕೇಳುವುದು "ಯಾಕ, ಮನ್ಯಾಗ ಏನರ ಜಗಳಾ ಆಗೇತೇನು?" ಎಂದು. ಈ ಪ್ರಶ್ನೆಯನ್ನು ಮೊದಲೆಲ್ಲ ನಾನು ಹಳ್ಳಿಯ ಕುತೂಹಲ ಎಂದು ತಳ್ಳಿಹಾಕುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ.

ಎರಡು ದಿನದ ದಾರಿ

ಜನವರಿಯ ಒಂದು ಶುಕ್ರವಾರ ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಅರಬೈಲು ಘಟ್ಟ ಇಳಿದು ಕುಮಟೆ ತಲುಪಿದೆ. ಮರುದಿನ ನಸುಕಿನಲ್ಲಿ ನಡಿಗೆ ಆರಂಭ. ವನ್ನಳ್ಳಿ, ಕಡ್ಲೆ, ಬಾಡ, ಕಾಗಾಲ ಹೀಗೆ ಉತ್ತರಕ್ಕೆ ಸಾಗುವ ದಾರಿ ಒಮ್ಮೆ ಮರಳಿನ ಮೇಲೆ, ಒಮ್ಮೆ ಜಂಬಿಟ್ಟಿಗೆಯ ಗುಡ್ಡದ ಮೇಲೆ, ಒಮ್ಮೆ ತೆಂಗಿನ ತೋಟದ ಬೇಲಿಯ ಪಕ್ಕದಲ್ಲಿ. ಅಘನಾಶಿನಿ ಊರಿನಲ್ಲಿ ನದಿ ಅಡ್ಡ ಬರುತ್ತದೆ; ದೋಣಿಯಲ್ಲಿ ದಾಟಿದರೆ ತದಡಿ ಬಂದರು. ಅಲ್ಲಿಂದ ಬೇಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಎಂಬ ಕಡಲತೀರಗಳನ್ನು ಒಂದೊಂದಾಗಿ ಗುಡ್ಡ ಹತ್ತಿ ಇಳಿದು ದಾಟಿದರೆ ಗೋಕರ್ಣ. ಓಂ ತೀರದ ತನಕ ರಸ್ತೆಯಿದೆ, ಜನರಿದ್ದಾರೆ. ಹಾಫ್ ಮೂನ್ ಮತ್ತು ಪ್ಯಾರಡೈಸ್‌ಗೆ ನಡೆದೋ ದೋಣಿಯಲ್ಲೋ ಹೋಗಬೇಕು.

ಮೊದಲ ದಿನ ನನಗೆ ಶಾಂತಿ ಸಿಕ್ಕಿತೆಂದು ಹೇಳಿದರೆ ಸುಳ್ಳಾದೀತು. ಕಾಲು ಮರಳಿನಲ್ಲಿ, ತಲೆ ದವಾಖಾನೆಯಲ್ಲಿ. ಮೊಬೈಲ್ ಸಂಕೇತ ಸಿಕ್ಕಲ್ಲೆಲ್ಲ ನಿಂತು ನೋಡುತ್ತಿದ್ದೆ. ಸಾಲದ್ದಕ್ಕೆ ಬಾಡ ಊರು ಸಮೀಪಿಸುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡು ಕೂರಬೇಕಾಯಿತು. ತಪ್ಪು ನನ್ನದೇ.

ನಮ್ಮ ಕಡೆಯ ಬಿಸಿಲು ಒಣ ಬಿಸಿಲು. ಬೆವರು ಬಂದಂತೆ ಆರುತ್ತದೆ. ಆರುವಾಗ ಮೈಯ ಶಾಖವನ್ನೂ ಒಯ್ಯುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಆರದೆ ಹನಿಹನಿಯಾಗಿ ಸುರಿದುಹೋಗುತ್ತದೆ. ಮೈ ತಂಪಾಗುವುದಿಲ್ಲ, ಉಪ್ಪು ನೀರು ಮಾತ್ರ ನಷ್ಟ. ಏಪ್ರಿಲ್‌ನಲ್ಲಿ ಕಬ್ಬಿನ ಹೊಲದಲ್ಲಿ ನಿಲ್ಲುವ ಗಟ್ಟಿ ಆಳು ಜನವರಿಯ ಕಡಲದಂಡೆಯಲ್ಲಿ ಸುಸ್ತಾಗುವುದು ಹೀಗೆ. ನಾನು ಬರೀ ನೀರು ಕುಡಿಯುತ್ತ ನಡೆದಿದ್ದೆ, ಉಪ್ಪಿನಂಶ ಸೇರಿಸಿರಲಿಲ್ಲ. ಓಆರ್‌ಎಸ್ ಪುಡಿಯ ಪೊಟ್ಟಣ ಚೀಲದಲ್ಲಿಯೇ ಇತ್ತು!

ಬಾಡದಲ್ಲಿ ಒಂದು ಮನೆಯ ಕೋಣೆಯಲ್ಲಿ ರಾತ್ರಿ ತಂಗಿದೆ. ಮನೆಯೊಡತಿ ಗಂಜಿ ಬಡಿಸುತ್ತ "ಒಬ್ರೇಯಾ?" ಎಂದರು. ಹೌದು ಎಂದೆ. "ಮನೆಲಿ ಹೇಳಿ ಬಂದೀರಾ?" ಎಂದು ಮತ್ತೆ ಕೇಳಿದರು. ಹೇಳಿ ಬಂದಿದ್ದೇನೆ ಎಂದ ಮೇಲೆಯೇ ಉಪ್ಪಿನಕಾಯಿ ಹಾಕಿದರು. ಕೃಷ್ಣೆಯ ದಂಡೆಯ ಕುರುಬಜ್ಜ, ಬಾಡದ ಈ ತಾಯಿ, ಇಬ್ಬರೂ ಕೇಳಿದ್ದು ಹೆಚ್ಚುಕಡಿಮೆ ಒಂದೇ.

ಎರಡನೆಯ ದಿನ ಅಘನಾಶಿನಿಯ ಅಳಿವೆಯಲ್ಲಿ ದೋಣಿಗೆ ಕಾಯುತ್ತ ಕುಳಿತೆ. ನೀರು ಇಳಿದ ಹೊತ್ತು. ಸೊಂಟದವರೆಗಿನ ನೀರಿನಲ್ಲಿ ನಿಂತು ಹೆಂಗಸರು ಗಂಡಸರು ಬಳಚು ಹೆಕ್ಕುತ್ತಿದ್ದರು. ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಶಿರಸಿಯ ಕಾಡಿನಿಂದ ಕಡಲಿಗೆ ಬರುವ ನದಿ ಇದು. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ಜೌಗು ಪ್ರದೇಶವೆಂಬ ಅಂತರರಾಷ್ಟ್ರೀಯ ಮಾನ್ಯತೆಯೂ ಸಿಕ್ಕಿದೆ. ದೋಣಿ ದಾಟಿ ಬೇಲೆಕಾನದ ಗುಡ್ಡ ಏರಿದೆ. ಕೆಳಗೆ ಅಲೆ, ಮೇಲೆ ಗರುಡ, ನಡುವೆ ನಾನು. ಎಷ್ಟೋ ಹೊತ್ತಿನ ಮೇಲೆ ಗಡಿಯಾರ ನೋಡಿಕೊಂಡಾಗ ಆಶ್ಚರ್ಯವಾಯಿತು. ಒಂದೂವರೆ ತಾಸಿನಿಂದ ನನಗೆ ಯಾವ ರೋಗಿಯ ನೆನಪೂ ಬಂದಿರಲಿಲ್ಲ. ಮುಂದೆ ಆ ರೈತನ ನೆನಪು ಬಂತು. ಆದರೆ ಅದು ಚುಚ್ಚುವ ನೆನಪಾಗಿ ಬರಲಿಲ್ಲ, ಮಾಡಬೇಕಾದ ಕೆಲಸವಾಗಿ ಬಂತು. ಊರಿಗೆ ಹೋದೊಡನೆ ಅವನ ಮನೆಗೆ ಹೋಗಿ, "ಅಂದು ನಾ ಕೇಳಬೇಕಾದ್ದು ಕೇಳಲಿಲ್ಲ, ತಪ್ಪಾಯ್ತು" ಎಂದು ಹೇಳಬೇಕೆಂದು ನಿರ್ಧರಿಸಿದೆ. ಆ ರಾತ್ರಿ ಗೋಕರ್ಣದಲ್ಲಿ ಏಳು ತಾಸು ನಿದ್ದೆ ಮಾಡಿದೆ.

ದೇಹದೊಳಗೆ ಆಗುವುದೇನು?

ದನ ಮೆಲುಕು ಹಾಕಿದಂತೆ ನಮ್ಮ ಮನಸ್ಸು ಹಳೆಯ ಚಿಂತೆಯನ್ನು ಮತ್ತೆ ಮತ್ತೆ ಬಾಯಿಗೆ ತಂದುಕೊಳ್ಳುತ್ತದೆ. ದನಕ್ಕೆ ಮೆಲುಕಿನಿಂದ ಮೇವು ಜೀರ್ಣವಾಗುತ್ತದೆ. ಮನುಷ್ಯನಿಗೆ ಮೆಲುಕಿನಿಂದ ಚಿಂತೆ ಬೆಳೆಯುತ್ತದೆ. 2015ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 38 ಮಂದಿಯ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವರನ್ನು 90 ನಿಮಿಷ ಹುಲ್ಲು, ಗಿಡಮರಗಳಿರುವಲ್ಲಿ, ಉಳಿದವರನ್ನು ಅಷ್ಟೇ ಹೊತ್ತು ವಾಹನ ದಟ್ಟಣೆಯ ರಸ್ತೆಯ ಪಕ್ಕದಲ್ಲಿ ನಡೆಯಲು ಕಳಿಸಿದರು. ಎಲ್ಲರೂ ಒಬ್ಬೊಬ್ಬರಾಗಿಯೇ ನಡೆದರು. ನಿಸರ್ಗದಲ್ಲಿ ನಡೆದು ಬಂದವರಲ್ಲಿ ಈ ಮೆಲುಕು ಕಡಿಮೆಯಾಗಿತ್ತು. ಅದಕ್ಕೆ ಸಂಬಂಧಿಸಿದ ಮಿದುಳಿನ ಮುಂಭಾಗದ ಒಂದು ಪುಟ್ಟ ಪ್ರದೇಶದ ಚಟುವಟಿಕೆಯೂ ತಗ್ಗಿತ್ತು. ರಸ್ತೆಯಲ್ಲಿ ನಡೆದವರಲ್ಲಿ ಈ ಬದಲಾವಣೆ ಕಾಣಲಿಲ್ಲ. ಚಿಕ್ಕ ಪ್ರಯೋಗವೇನೋ ಹೌದು. ಆದರೂ ನನ್ನ ಬೇಲೆಕಾನದ ಅನುಭವಕ್ಕೆ ಹೊಂದುತ್ತದೆ.

ಎರಡನೆಯದು, ನರಮಂಡಲದ ಮಾತು. ಗಾಬರಿ, ಅವಸರಗಳಲ್ಲಿ ಸಿಂಪಥೆಟಿಕ್ ನರಗಳು ಚುರುಕಾಗಿ ಅಡ್ರಿನಲಿನ್ ಏರುತ್ತದೆ, ಎದೆಬಡಿತ ಹೆಚ್ಚುತ್ತದೆ, ರಕ್ತನಾಳ ಬಿಗಿಯುತ್ತದೆ. ಇದಕ್ಕೆ ಕಡಿವಾಣದಂತಿರುವುದು ಪ್ಯಾರಾಸಿಂಪಥೆಟಿಕ್ ನರಗಳು. ಒಂದೇ ಲಯದ ನಡಿಗೆ ಮತ್ತು ನಿಧಾನವಾದ ಉಸಿರಾಟ ಈ ಕಡಿವಾಣಕ್ಕೆ ಬಲ ಕೊಡುತ್ತವೆ. ಸತತ ನಡಿಗೆಯ ರೂಢಿಯಿಂದ ರಕ್ತದೊತ್ತಡ ಕೊಂಚ ಇಳಿಯುತ್ತದೆ, ನಿದ್ದೆ ಸುಧಾರಿಸುತ್ತದೆ. ಆದರೆ ಮಾತ್ರೆಯ ಬದಲು ನಡಿಗೆ ಎಂದು ಯಾರೂ ತಿಳಿಯಬಾರದು. ಕಡಲು ನೋಡಿ ಬಂದ ಮೇಲೂ ನಾನು ಬಿ.ಪಿ. ಮಾತ್ರೆ ನುಂಗುತ್ತಿದ್ದೇನೆ.

ಹಾಗಾದರೆ ಒಬ್ಬರೇ ಏಕೆ? ಜೊತೆಯವರಿದ್ದರೆ ಅವರ ವೇಗಕ್ಕೆ ಹೆಜ್ಜೆ, ಅವರ ಮಾತಿಗೆ ಮಾತು. ತಪ್ಪಲ್ಲ; ಅದಕ್ಕೆ ಅದರದೇ ಸುಖವಿದೆ. ಆದರೆ ದಿನವಿಡೀ ಇನ್ನೊಬ್ಬರಿಗೆ ಕಿವಿಯಾಗುವ ವೈದ್ಯರು, ಮಾಸ್ತರರು, ಕಂಡಕ್ಟರರು, ಅಂಗಡಿಕಾರರು, ಮನೆ ತೂಗಿಸುವ ಗೃಹಿಣಿಯರು, ಇಂಥವರಿಗೆ ಯಾರಿಗೂ ಉತ್ತರ ಕೊಡಬೇಕಿಲ್ಲದ ಸ್ವಲ್ಪ ಹೊತ್ತು ನಿಜವಾದ ವಿಶ್ರಾಂತಿ.

ಏಕಾಂತ ಬೇರೆ, ಒಂಟಿತನ ಬೇರೆ

ಈಗ ಮುಖ್ಯ ಮಾತಿಗೆ ಬರೋಣ. ಏಕಾಂತವೆಂದರೆ ತಾನಾಗಿ ಆರಿಸಿಕೊಂಡದ್ದು. ಅದಕ್ಕೆ ಆರಂಭ, ಕೊನೆ ಎರಡೂ ಇರುತ್ತವೆ. ಹೋಗುವವನಿಗೆ ತಿರುಗಿ ಬರುವ ದಿನ ಗೊತ್ತಿರುತ್ತದೆ, ಬಂದ ಮೇಲೆ ಮಾಡುವ ಕೆಲಸವೂ ಗೊತ್ತಿರುತ್ತದೆ. ಒಂಟಿತನ ಹಾಗಲ್ಲ. ಹತ್ತು ಜನರ ನಡುವೆ ಕುಳಿತಾಗಲೂ ಅದು ಬಿಡುವುದಿಲ್ಲ. ಅದರಿಂದ ಬಳಲುವವನು ಒಬ್ಬನೇ ಇರಬೇಕೆನ್ನುವುದು ವಿಶ್ರಾಂತಿಗಾಗಿ ಅಲ್ಲ, ಎಲ್ಲರಿಂದ ಕಳಚಿಕೊಳ್ಳುವುದಕ್ಕಾಗಿ.

ನನ್ನ ಮನೆಯವರು ಕೇಳಿದ ಮೂರು ಪ್ರಶ್ನೆಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಯಾವಾಗ ಬರುತ್ತೀ? ಎಲ್ಲಿ ಇರುತ್ತೀ? ಯಾರಿಗೆ ಫೋನ್ ಮಾಡುತ್ತೀ? ಏಕಾಂತ ಬಯಸುವವನು ಥಟ್ಟನೆ ಉತ್ತರ ಕೊಡುತ್ತಾನೆ, ಕೆಲವೊಮ್ಮೆ ಸಿಡುಕಿಯಾದರೂ ಕೊಡುತ್ತಾನೆ. ಮನಸ್ಸು ಕುಸಿದವನಿಗೆ ಈ ಪ್ರಶ್ನೆಗಳಿಗೆ ಉತ್ತರವೇ ಇರುವುದಿಲ್ಲ. ಇದು ಪಕ್ಕಾ ಪರೀಕ್ಷೆಯಲ್ಲ, ಮಾತಿಗೆ ಬಾಗಿಲು ಅಷ್ಟೇ. ಸರಿಯಾದ ಉತ್ತರ ಬಂತೆಂದು ಕೆಳಗಿನ ಲಕ್ಷಣಗಳನ್ನು ಕಡೆಗಣಿಸಬಾರದು.

ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಬೇಸರ. ಮೊದಲು ಖುಷಿ ಕೊಡುತ್ತಿದ್ದ ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು. ನಸುಕಿನಲ್ಲಿ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು. ಊಟ ಸೇರದೆ ತೂಕ ಇಳಿಯುವುದು. ಕಾರಣವಿಲ್ಲದ ಸುಸ್ತು, ಎದೆಬಡಿತ. ತನ್ನಿಂದ ಎಲ್ಲರಿಗೂ ಭಾರ ಎಂಬ ಮಾತು. ಸಾಲ, ದಾಖಲೆ, ದನಕರುಗಳ ವ್ಯವಸ್ಥೆಯನ್ನು ಇದ್ದಕ್ಕಿದ್ದಂತೆ ಇನ್ನೊಬ್ಬರಿಗೆ ಒಪ್ಪಿಸುವುದು. ಇಂಥವು ಕಂಡರೆ ಅದು ಖಿನ್ನತೆ ಇರಬಹುದು. ನಮ್ಮ ಜನ ಇದನ್ನು "ಮನಸ ಬ್ಯಾಸರ" ಎಂದು ಹೇಳುವುದಿಲ್ಲ. "ಎದಿ ಹೊಡಕೋತೈತಿ, ಕೈಕಾಲಾಗ ಸತುವಿಲ್ಲ" ಎಂದು ಹೇಳುತ್ತಾರೆ. ನಾನು ಮೋಸಹೋದದ್ದು ಅಲ್ಲಿಯೇ.

"ಜೀವನ ಬ್ಯಾಡ ಅನಸೇತೇನು?" ಎಂದು ಕೇಳಲು ಮನೆಯವರು ಹೆದರುತ್ತಾರೆ. ಕೇಳಿದರೆ ಎಲ್ಲಿ ಆ ವಿಚಾರವನ್ನು ನಾವೇ ತಲೆಗೆ ತುಂಬಿದಂತಾದೀತೋ ಎಂಬ ಅಂಜಿಕೆ. ಈ ಅಂಜಿಕೆಗೆ ಆಧಾರವಿಲ್ಲ. ಸಮಾಧಾನದಿಂದ ನೇರವಾಗಿ ಕೇಳಿದರೆ ಅಪಾಯ ಹೆಚ್ಚುವುದಿಲ್ಲ, ಎಷ್ಟೋ ಜನರಿಗೆ ಎದೆಯ ಭಾರ ಇಳಿಸಲು ದಾರಿಯಾಗುತ್ತದೆ. ಉತ್ತರ ಹೌದಾದರೆ ಅವರನ್ನು ಒಬ್ಬರನ್ನೇ ಬಿಡಬೇಡಿ. ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಖಿನ್ನತೆಯ ಔಷಧ ಪರಿಣಾಮ ತೋರಲು ಕೆಲವು ವಾರ ಹಿಡಿಯುತ್ತದೆ. ಗುಣವಾಯಿತೆಂದು ನಡುವೆ ಬಿಡದೆ ವೈದ್ಯರು ಹೇಳಿದಷ್ಟು ತಿಂಗಳು ತೆಗೆದುಕೊಳ್ಳಬೇಕು. ಅಂಥ ಸ್ಥಿತಿಯಲ್ಲಿರುವವರನ್ನು "ಗಾಳಿ ಬದಲಾದೀತು" ಎಂದು ಒಂಟಿಯಾಗಿ ಕಡಲಿಗೋ ಗುಡ್ಡಕ್ಕೋ ಕಳಿಸುವುದು ಸಲ್ಲದು.

ಹೊರಡುವ ಮುನ್ನ

ಮನಸ್ಸು ನೆಟ್ಟಗಿದ್ದು ನಡೆಯಬೇಕೆಂಬ ಆಸೆಯಾದರೆ ಸಂತೋಷ. ಈ ಕೆಳಗಿನವುಗಳನ್ನು ಪಾಲಿಸಿರಿ.

1. ಕಾಲ: ಡಿಸೆಂಬರ್‌ನಿಂದ ಫೆಬ್ರುವರಿ ತನಕ ಒಳ್ಳೆಯದು. ಮಳೆಗಾಲದಲ್ಲಿ ಬೇಡವೇ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದದ್ದು ನೆನಪಿರಲಿ. ಬೆಳಿಗ್ಗೆ ಹತ್ತರ ಒಳಗೆ, ಸಂಜೆ ನಾಲ್ಕರ ನಂತರ ನಡೆಯಿರಿ, ನಡುವೆ ನೆರಳಿನಲ್ಲಿರಿ. ಕತ್ತಲಾದ ಮೇಲೆ ನಡಿಗೆ ಬೇಡ; ಬ್ಯಾಟರಿ ಮಾತ್ರ ಜೊತೆಗಿರಲಿ.

2. ನೀರು: ತಾಸಿಗೊಮ್ಮೆ ಬಾಯಾರಿಕೆಗೆ ಕಾಯದೆ ಕುಡಿಯಿರಿ. ಓಆರ್‌ಎಸ್ ಪೊಟ್ಟಣವಿರಲಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎಲ್ಲ ಸಮತಟ್ಟು ಅಳತೆ. ಬಿ.ಪಿ. ರೋಗಿಗಳು ಇದನ್ನು ಬೆವರು ಸುರಿದಾಗ ಮಾತ್ರ ಬಳಸಲಿ. ಎಳನೀರು ಒಳ್ಳೆಯದೇ, ಆದರೆ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಬಿಸಿಲಲ್ಲಿ ನಡೆಯುವವನು ಬೆವರು ನಿಂತು, ಮಾತು ತೊದಲಿ, ದಿಕ್ಕು ತಪ್ಪಿದಂತೆ ಆಡಿದರೆ ಅದು ಉಷ್ಣಾಘಾತ. ಬೆವರುತ್ತಲೇ ಇದ್ದರೂ ಉಷ್ಣಾಘಾತ ಆಗಬಹುದು. ನೆರಳಿಗೆ ತಂದು, ಮೈಗೆ ನೀರು ಸುರಿದು, ಗಾಳಿ ಬೀಸಿ, 108ಕ್ಕೆ ಕರೆ ಮಾಡಬೇಕು.

3. ಔಷಧ: ಸಕ್ಕರೆ ರೋಗಿಗಳು ಊಟ ತಪ್ಪಿಸಿ ನಡೆಯಬಾರದು. ಜೇಬಿನಲ್ಲಿ ಸಕ್ಕರೆ ಇರಲಿ. ಕೈ ನಡುಗಿ, ಬೆವರಿ, ಕಣ್ಣು ಮಂಜಾದರೆ ತಕ್ಷಣ ತಿನ್ನಬೇಕು. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ಬಿಸಿಲಿನಲ್ಲಿ ನಿರ್ಜಲತೆ ಬೇಗ. ಇವರು, ಹೃದ್ರೋಗಿಗಳು, ಐವತ್ತು ದಾಟಿ ನಡಿಗೆಯ ರೂಢಿ ಇಲ್ಲದವರು ಮೊದಲು ತಪಾಸಣೆ ಮಾಡಿಸಿಕೊಳ್ಳುವುದು ಲೇಸು.

4. ಪಾದ: ಅಥಣಿಯ ಚಪ್ಪಲಿ ನಾಡಿಗೇ ಹೆಸರಾದದ್ದು ನಿಜ, ಆದರೆ ಪಾಚಿ ಹಿಡಿದ ಬಂಡೆಯ ಮೇಲೆ ಅದು ಜಾರುತ್ತದೆ. ಹಿಡಿತವಿರುವ ಬೂಟು ಹಾಕಿರಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರು ಬರಿಗಾಲಲ್ಲಿ ಕಾದ ಮರಳು ತುಳಿಯಲೇಬಾರದು. ಬೊಕ್ಕೆ ಎದ್ದರೂ ಗೊತ್ತಾಗುವುದಿಲ್ಲ. ಚಿಪ್ಪು, ಕಲ್ಲು ತಾಗಿ ಗಾಯವಾದರೆ ಶುದ್ಧ ನೀರು, ಸಾಬೂನಿನಿಂದ ತೊಳೆಯಿರಿ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿರಿ. ಗಾಯ ಕೆಂಪೇರಿ ಬೇಗ ಬಾತುಕೊಂಡರೆ ತಡಮಾಡಬೇಡಿ.

5. ಕಡಲು: ಬಾವಿಯಲ್ಲಿ, ಕೃಷ್ಣೆಯಲ್ಲಿ ಈಜು ಕಲಿತವರು ಸಮುದ್ರವನ್ನೂ ಹಾಗೆಯೇ ತಿಳಿಯುತ್ತಾರೆ. ದಂಡೆಯಿಂದ ಒಳಕ್ಕೆ ಎಳೆಯುವ ಸೆಳೆತ ಎಂಥ ಈಜುಗಾರನನ್ನೂ ಸೋಲಿಸುತ್ತದೆ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದ ಕೋಲಾರ ಜಿಲ್ಲೆಯ ನಾಲ್ವರು ಬಾಲಕಿಯರು ನೀರುಪಾಲಾದರು. ಒಬ್ಬರೇ ಇರುವಾಗ ಮೊಣಕಾಲಿನ ಮೇಲೆ ನೀರು ಬರುವಲ್ಲಿಗೆ ಹೋಗಬೇಡಿ. ಸೆಳೆತಕ್ಕೆ ಸಿಕ್ಕಿದರೆ ಎದುರು ಈಜಿ ದಣಿಯದೆ, ತೇಲುತ್ತ ಕೈಯೆತ್ತಿ ಕೂಗಿರಿ. ಈಜಬಲ್ಲವರು ದಂಡೆಗೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಲಿ.

6. ಉಬ್ಬರ: ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಜೋರು. ಹಾಫ್ ಮೂನ್ ಕಡೆಯ ಬಂಡೆಗಳ ಬಳಿ ನಾನು ಮುನ್ನುಗ್ಗುವವನಿದ್ದೆ. ಬಲೆ ಸರಿಪಡಿಸುತ್ತಿದ್ದ ಮೀನುಗಾರರೊಬ್ಬರು ಕೂಗಿ ನಿಲ್ಲಿಸಿ ಗುಡ್ಡದ ಮೇಲಿನ ಕಾಲುದಾರಿ ತೋರಿಸಿದರು. ಊರಿನವರನ್ನು ಕೇಳದೆ ಬಂಡೆಗಳ ಅಂಚಿನಲ್ಲಿ ಹೆಜ್ಜೆಯಿಡಬೇಡಿ.

7. ಸುದ್ದಿ: ನಿಮ್ಮ ದಾರಿ, ತಂಗುವ ಊರು, ತಿರುಗಿ ಬರುವ ದಿನ ಮನೆಯಲ್ಲಿ ಬರೆದಿಟ್ಟು ಹೋಗಿರಿ. ಗುಡ್ಡದ ಮರೆಯ ತೀರಗಳಲ್ಲಿ ಮೊಬೈಲ್ ಸಂಕೇತ ಸಿಗದೆ ಹೋಗಬಹುದು; ಆದ್ದರಿಂದ ಯಾವ ಹೊತ್ತಿಗೆ ಫೋನ್ ಮಾಡುತ್ತೀರಿ, ಮಾಡದಿದ್ದರೆ ಅವರೇನು ಮಾಡಬೇಕು ಎಂಬುದೂ ಗೊತ್ತುಮಾಡಿರಲಿ. ತುರ್ತಿಗೆ 112. ಮದ್ಯ ಮುಟ್ಟಬೇಡಿ.

ಕಡಲು ದೂರವಾದರೆ?

ಈ ಬರಹ ಓದಿ ಎಲ್ಲರೂ ಗೋಕರ್ಣದ ಬಸ್ಸು ಹತ್ತಬೇಕೆಂದು ನಾನು ಹೇಳುತ್ತಿಲ್ಲ. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿಯನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಾರಕ್ಕೆ ಒಟ್ಟು 120 ನಿಮಿಷವಾದರೂ ನಿಸರ್ಗದಲ್ಲಿ ಕಳೆಯುವವರು ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಎಂದು ಹೇಳುವ ಪ್ರಮಾಣ ಹೆಚ್ಚಾಗಿತ್ತು. ಒಂದೇ ಸಲವೋ, ತುಸುತುಸುವಾಗಿಯೋ ಎಂಬುದರಿಂದ ವ್ಯತ್ಯಾಸ ಕಾಣಲಿಲ್ಲ. ನಿಸರ್ಗದಿಂದಲೇ ಆರೋಗ್ಯ ಬಂತೆಂದು ಇದರಿಂದ ಸಿದ್ಧವಾಗದಿದ್ದರೂ, ಖರ್ಚಿಲ್ಲದ ಈ ಮದ್ದನ್ನು ಪರೀಕ್ಷಿಸಲು ಅಡ್ಡಿಯಿಲ್ಲ. ಯಡೂರಿನ ವೀರಭದ್ರನ ಗುಡಿಯ ಬಳಿಯ ಕೃಷ್ಣೆಯ ದಂಡೆ, ಸದಲಗಾದ ದೂಧಗಂಗೆ, ಕುಡಚಿ, ಉಗಾರದ ಹೊಳೆಯ ದಾರಿ, ನಿಮ್ಮದೇ ಹೊಲದ ಬದು, ಯಾವುದಾದರೂ ಆದೀತು. ಮಳೆಗಾಲದಲ್ಲಿ ಮಾತ್ರ ಹೊಳೆಯಿಂದ ದೂರವಿರಿ. 2019ರ ಆಗಸ್ಟ್‌ನ ಪೂರವನ್ನು ನಾವು ಮರೆಯುವಂತಿಲ್ಲ. ಚುರುಕಾಗಿ ನಡೆದರೆ, ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ ಕನಿಷ್ಠ 150 ನಿಮಿಷಗಳ ವ್ಯಾಯಾಮದ ಲೆಕ್ಕಕ್ಕೂ ಇದು ಸೇರುತ್ತದೆ.

ಇದನ್ನೆಲ್ಲ ಒಮ್ಮೆ ನಿಪ್ಪಾಣಿಯ ಒಬ್ಬ ತಾಯಿಗೆ ಹೇಳುತ್ತಿದ್ದೆ. ಬೀಡಿ ಕಟ್ಟಿ ಕಟ್ಟಿ ಕುತ್ತಿಗೆ ಹಿಡಿದುಕೊಂಡು ಬಂದಿದ್ದರು. ಅವರು ನಕ್ಕು, "ನಮಗ ಒಬ್ಬಾಕಿನ ಇರೂದಂದ್ರ ಬಚ್ಚಲದಾಗ ಅಷ್ಟ ನೋಡ್ರಿ" ಎಂದರು. ನನಗೆ ನಗು ಬರಲಿಲ್ಲ. ಮನೆಯ ಗಂಡಸರಿಗೆ, ಬೆಳೆದ ಮಕ್ಕಳಿಗೆ ನನ್ನ ವಿನಂತಿ ಇಷ್ಟೇ. ನಿಮ್ಮ ಅವ್ವ, ಹೆಂಡತಿ, ವೈನಿಯವರಿಗೆ ದಿನಕ್ಕೆ ಅರ್ಧ ತಾಸು ಬಿಡುವು ಕೊಡಿರಿ. ಒಲೆ ನೀವು ನೋಡಿಕೊಳ್ಳಿರಿ, ಕೂಸನ್ನು ನೀವು ಎತ್ತಿಕೊಳ್ಳಿರಿ. ಅವರು ಬೆಳಕಿರುವ, ಜನರ ಓಡಾಟವಿರುವ ದಾರಿಯಲ್ಲಿ ತಮ್ಮಷ್ಟಕ್ಕೆ ನಡೆದು ಬರಲಿ. ಯಾಕೆ ಹೋದೆ ಎಂದು ಕೇಳಬೇಡಿ.

ಆ ರೈತನ ವಿಷಯ ಹೇಳುವುದು ಉಳಿಯಿತು. ಬೆಳಗಾವಿಯ ಮನೋವೈದ್ಯರ ಹತ್ತಿರ ಒಂಬತ್ತು ತಿಂಗಳು ಔಷಧ ತೆಗೆದುಕೊಂಡ. ಅವನ ಅಣ್ಣ ಒಂದು ಭೇಟಿಯನ್ನೂ ತಪ್ಪಿಸಲಿಲ್ಲ. ಈಗ ಆರಾಮಿದ್ದಾನೆ. ಹೋದ ಹಂಗಾಮಿನಲ್ಲಿ ಮಗಳ ಜ್ವರಕ್ಕೆ ಔಷಧ ಒಯ್ಯಲು ಬಂದವನು, ಹೋಗುವಾಗ ಬಾಗಿಲಲ್ಲಿ ನಿಂತು, "ಸಾಹೇಬ್ರ, ನೀವು ಹೇಳಿದ ಸಮುದ್ರ ನಾನೂ ಒಮ್ಮಿ ನೋಡಬೇಕಂತೇನ್ರಿ. ಒಬ್ಬಾಂವನ" ಎಂದ.

ಪೆನ್ನು ಕೆಳಗಿಟ್ಟು, ಕುಳಿತುಕೋ ಎಂದೆ. "ಯಾವಾಗ ಬರತೀ?"

"ಭಾರತ ಹುಣ್ಣಿಮಿಗೆ ಮನಿಮಂದಿ ಎಲ್ಲಾ ಎಲ್ಲಮ್ಮನ ಗುಡ್ಡಕ್ಕ ಹೋಗೂದೈತ್ರಿ. ಅಷ್ಟ್ರಾಗ ಬರತೇನಿ."

"ಎಲ್ಲಿ ಇರತೀ?"

"ಗೋಕರ್ಣದಾಗ ನಮ್ಮೂರ ಹುಡುಗ ಒಬ್ಬಾಂವ ಹೋಟೆಲ್‌ನ್ಯಾಗ ಅದಾನ್ರಿ."

"ಫೋನ್ ಯಾರಿಗೆ?"

"ಅಣ್ಣಗ. ದಿನಾ ಸಂಜಿಗೆ."

ಬ್ಯಾಸರದ ದಿನಗಳಲ್ಲಿ ಬಂದಿದ್ದ ವಿಚಾರ ಈಗೇನಾದರೂ ಬರುತ್ತದೆಯೇ ಎಂದೂ ನೇರವಾಗಿ ಕೇಳಿದೆ. ಇಲ್ಲ ಎಂದು ನನ್ನ ಮುಖ ನೋಡಿಯೇ ಹೇಳಿದ. ಬೆಳಗಾವಿಯ ವೈದ್ಯರಿಗೊಮ್ಮೆ ತೋರಿಸಿ, ಅಣ್ಣನಿಗೆ ತಿಳಿಸಿ ಹೋಗಬೇಕೆಂದು ಹೇಳಿ, "ಹೋಗಿ ಬಾರಪಾ" ಎಂದೆ. ಅಂದು ಹೊರಗೆ ಬಾಕಿನ ಮೇಲೆ ಕಾಯುತ್ತಿದ್ದವರಿಗೆ ಹದಿನೈದು ನಿಮಿಷ ತಡವಾಯಿತು. ಯಾರೂ ಗೊಣಗಲಿಲ್ಲ.